ಗಾಜಿನ ಹೆಂಚಿಗೊಂದು ಜಾಗ

ನಮ್ಮ ಮನೆಯ ನಕ್ಷೆ ಈಗಲೂ ಬೀರುವಿನಲ್ಲಿದೆ. ನೀಲಿ ಕಾಗದ, ನಾಲ್ಕು ಮಡಿಕೆ. ಮಡಿಕೆಯ ಗೆರೆಗಳಲ್ಲಿ ಸವೆದು ಇನ್ನೇನು ಹರಿಯುವ ಹಾಗಾಗಿದೆ. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಎಳೆದ ಒಂದು ಬಾಣವಿದೆ. ಮುಂದಿನ ಕೋಣೆಯ ಚಾವಣಿ ಯಾವ ಕಡೆಗೆ ಇಳಿಯಬೇಕು ಎಂದು ತೋರಿಸುವ ಬಾಣ ಅದು, ಮೊನೆ ಉತ್ತರಕ್ಕಿದೆ. ಅದರ ಪಕ್ಕದಲ್ಲಿ ನನ್ನ ಸಹಿ. ನಾನು ಜೀವನದಲ್ಲಿ ಹಾಕಿದ ಸಹಿಗಳಲ್ಲಿ ಒಂದೇ ಒಂದನ್ನು ಅಳಿಸಿಕೊಳ್ಳಬಹುದು ಎಂದು ಯಾರಾದರೂ ಅವಕಾಶ ಕೊಟ್ಟಿದ್ದರೆ ಅದನ್ನೇ ತೋರಿಸುತ್ತಿದ್ದೆ. ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ.

ಗುಂಡ್ಲುಪೇಟೆಯಲ್ಲಿ ನಾನು ಹುಟ್ಟಿ ಬೆಳೆದದ್ದು ಹೆಂಚಿನ ಮನೆಯಲ್ಲಿ. ದೊಡ್ಡದೇನಲ್ಲ, ಶಾಲೆಯ ಮೇಷ್ಟರಾಗಿದ್ದ ಅಪ್ಪ ಸಾಲುಮನೆಗಳಲ್ಲಿ ಒಂದನ್ನು ಕೊಂಡಿದ್ದರು. ನಡುಮನೆಗೆ ಕಿಟಕಿ ಇರಲಿಲ್ಲ, ಎರಡೂ ಕಡೆ ಪಕ್ಕದವರ ಗೋಡೆ. ಅದಕ್ಕೇ ಮೇಲೆ ಮಣ್ಣಿನ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚು ಕೂರಿಸಿದ್ದರು. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಅದರಿಂದ ಬಿಸಿಲ ಕೋಲೊಂದು ಇಳಿದು ನೆಲದ ಮೇಲೆ ತಟ್ಟೆಯಗಲ ಬೀಳುತ್ತಿತ್ತು. ಅವ್ವ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವಲು ಸುತ್ತಿ, ಮಣೆ ಎತ್ತಿಕೊಂಡು ಬಂದು ಸರಿಯಾಗಿ ಆ ಬಿಸಿಲಿಗೆ ಕೈ ಸಿಗುವ ಹಾಗೆ ಕೂರುತ್ತಿದ್ದಳು. ಕತ್ತಿನಲ್ಲಿದ್ದ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆಮೇಲೆ ಸುಮ್ಮನೆ ಅದನ್ನು ನೋಡುತ್ತಾ ಕೂರುವುದು. ನಮ್ಮ ಪೂಜೆಯಲ್ಲಿ ಮುಖ್ಯವಾದದ್ದು ಈ ನೋಡುವುದೇ. ಕಪ್ಪು ಲಿಂಗದ ನುಣುಪು ಮೈಯ ಮೇಲೆ ಬೆಳಕಿನದೊಂದು ಚುಕ್ಕೆ ಕೂತಿರುತ್ತದೆ. ರೆಪ್ಪೆ ಹೊಡೆಯದೆ ಅದರಲ್ಲಿ ಕಣ್ಣು ನೆಡಬೇಕು. ಅದು ಮುಗಿಯುವ ತನಕ ಅವ್ವ ಒಂದು ಗುಟುಕು ಕಾಫಿಯನ್ನೂ ಕುಡಿದವಳಲ್ಲ.

ಶಾಲೆ ಎದುರು ಬೀದಿಯಲ್ಲೇ ಇತ್ತು. ನಾನು ಚೀಲ ನೇತುಹಾಕಿಕೊಂಡು ನಡುಮನೆಯ ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದೆ, ಏಕೆಂದರೆ ಅವಳು ಎದ್ದು ಜಡೆಗೆ ರಿಬ್ಬನ್ ಕಟ್ಟದೆ ನಾನು ಹೊರಡುವ ಹಾಗಿರಲಿಲ್ಲ. ಒಳ್ಳೆಯ ಬಿಸಿಲಿದ್ದ ದಿನ, "ಇವತ್ತು ಚೆನ್ನಾಗಿ ಬೆಳಗ್ತು ಕನವ್ವ," ಎನ್ನುತ್ತಾ ಏಳುತ್ತಿದ್ದಳು. ಮೋಡ ಮುಚ್ಚಿದ ದಿನ ಏನೂ ಹೇಳದೆ ಏಳುತ್ತಿದ್ದಳು. ಆ ಮಾತು ಕೇಳಿದ ದಿನ ನನಗೆ ಲೆಕ್ಕದ ಪರೀಕ್ಷೆ ಕೂಡ ಸುಲಭವಾಗಿರುತ್ತದೆ ಎಂಬ ನಂಬಿಕೆ ಇತ್ತು.

ಮದುವೆಯಾಗಿ ಮದ್ರಾಸಿಗೆ ಬಂದೆ. ಊರಿಗೆ ಚೆನ್ನೈ ಎಂದು ಹೆಸರಾದ ಮೇಲೂ ನಮ್ಮವರ ಬಾಯಲ್ಲಿ ಅದು ಮದ್ರಾಸೇ. ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಗುಂಡ್ಲುಪೇಟೆಯಲ್ಲಿ ರಸ್ತೆ ಅಗಲ ಮಾಡುವವರು ಬಂದು ನಮ್ಮ ಮನೆಯ ಮುಂಭಾಗಕ್ಕೆ ಬಣ್ಣದ ಗುರುತು ಹಾಕಿದರು. ಮುಂಭಾಗ ಹೋದ ಮೇಲೆ ಉಳಿದದ್ದು ನಿಲ್ಲುವಂತಿರಲಿಲ್ಲ. ನಾನು ಒಬ್ಬಳೇ ಮಗಳು. ಹೋಗಿ ಅವ್ವನನ್ನು ಕರೆದುಕೊಂಡು ಬಂದೆ. ರೈಲಿನಲ್ಲಿ ರಾತ್ರಿಯೆಲ್ಲಾ ಅವಳು ಹಳೆಯ ಸೀರೆಯಲ್ಲಿ ಸುತ್ತಿದ ಏನನ್ನೋ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಅಪ್ಪನ ಫೋಟೋ ಇರಬೇಕು ಅಂದುಕೊಂಡು ನಾನು ಕೇಳಲಿಲ್ಲ. ಮನೆಗೆ ಬಂದು ಬಿಚ್ಚಿದರೆ ಗಾಜಿನ ಹೆಂಚು!

"ಇದನ್ಯಾಕೆ ಹೊತ್ಕೊಂಡು ಬಂದೆ ಅವ್ವ?"

"ನಿಮ್ಮನೇಲಿ ಹಾಕ್ಸು ಅಂತ."

"ನಮ್ಮನೆ ಮೇಲೆ ಇನ್ನೊಬ್ಬರ ಮನೆ ಇದೆ. ಅದರ ಮೇಲೆ ಇನ್ನೊಂದಿದೆ."

ಅವ್ವ ತಲೆಯೆತ್ತಿ ಚಾವಣಿ ನೋಡಿ, "ಅಂದ್ರೆ ನಾವು ಅವರ ಕಾಲಡಿ ಇರಾದಾ?" ಎಂದು ನಕ್ಕಳು. ಹೆಂಚನ್ನು ಮಂಚದ ಕೆಳಗೆ ಸರಿಸಿದಳು.

ನಾವಿದ್ದದ್ದು ಪುರಸೈವಾಕ್ಕಂನಲ್ಲಿ, ಪಾತ್ರೆ ಅಂಗಡಿ ಬಟ್ಟೆ ಅಂಗಡಿಗಳ ಹಿಂದಿನ ಒಂದು ಬಾಡಿಗೆ ಮನೆಯಲ್ಲಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಮುಟ್ಟಬಹುದು. ಹಗಲಿನಲ್ಲೂ ಟ್ಯೂಬ್‌ಲೈಟ್ ಉರಿಯಬೇಕು. ಆ ಬೆಳಕಿನಲ್ಲಿ ಅವ್ವನಿಗೆ ಪೂಜೆ ಒಗ್ಗಲಿಲ್ಲ. ಒಂದು ದಿನ ತಾರಸಿಗೆ ಹೋಗಿ ಕೂತಳು. ಅಲ್ಲಿ ಯಾರದೋ ಲುಂಗಿ, ಯಾರದೋ ಸಂಡಿಗೆ ಒಣಗುತ್ತಿದ್ದವು. ಹತ್ತು ನಿಮಿಷಕ್ಕೆ ಕೆಳಗಿಳಿದು ಬಂದು, "ಎಲ್ಲಾ ಕಡೀಕೂ ಬೆಳಕೇ. ಸುತ್ತ ಕತ್ಲೆ ಇದ್ರಲ್ವಾ ಬೆಳಕು ಒಂದ್ಕಡೆ ನಿಲ್ಲಾದು?" ಎಂದಳು. ನನ್ನ ಮಗಳು ಆಗ ಐದನೇ ಕ್ಲಾಸು. ಅಜ್ಜಿಯ ಕನ್ನಡವೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಮಾರನೆಯ ದಿನ ಅವಳು ಟಾರ್ಚ್ ತಂದು ಅಜ್ಜಿಯ ಅಂಗೈಗೆ ಬಿಟ್ಟು, "ಅಜ್ಜಿ, ಇಪ್ಪೋ ತೆರಿಯುದಾ?" ಎಂದು ಕೇಳಿದಳು, ಈಗ ಕಾಣುತ್ತಾ ಎಂದು. "ಬ್ಯಾಟರಿ ಹಾಕಿ ಹುಡುಕೋಕೆ ದೇವರೇನು ಕಳ್ಳನಾ ಮಗ?" ಎಂದು ಅವ್ವ ಅವಳ ಕೆನ್ನೆ ಹಿಂಡಿದಳು. ನನಗೂ ನಗು ಬಂತು. ಅಡುಗೆಮನೆಗೆ ಹೋಗಿ ನಿಂತ ಮೇಲೆ ಅಳುವೂ ಬಂತು.

ಅವ್ವ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳಲು ಶುರುಮಾಡಿದಾಗ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಗ್ಲಾಕೋಮಾ ಎಂದರು. ಕತ್ತಲೆ ಅಂಚಿನಿಂದ ಒಳಗೆ ಬರುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧದ ಹನಿಗಳಿಂದ ಒಂದಷ್ಟು ಕಾಲ ಹಿಡಿದಿಡಬಹುದು ಎಂದು ವಿವರಿಸಿದರು. ನಾನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಅವ್ವನಿಗೆ ಅರ್ಥವಾಗಿತ್ತು. ಮನೆಗೆ ಬಂದು ಎಡ ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡಳು.

"ಇಷ್ಟಗಲ ಕಾಣ್ತದೆ ಕನವ್ವ. ಸಾಕು ಬುಡು. ಲಿಂಗ ಇಷ್ಟೇ ಅಗಲ ಅಲ್ವಾ ಇರಾದು." ಕೈ ಇಳಿಸಿ, "ಕಣ್ಣು ಇರಾಗಂಟ ಆ ಹೆಂಚಿಗೊಂದು ಜಾಗ ಮಾಡ್ಕೊಡ್ತೀಯಾ?" ಎಂದಳು.

ಅವ್ವ ನನ್ನನ್ನು ಅದುವರೆಗೆ ಏನನ್ನೂ ಕೇಳಿರಲಿಲ್ಲ. ಆಮೇಲೂ ಕೇಳಲಿಲ್ಲ.

ಮಡಿಪಾಕ್ಕಂನಲ್ಲಿ ನಮ್ಮದೊಂದು ಸೈಟಿತ್ತು. ನಮ್ಮ ಯಜಮಾನರಿಗೆ ಗಿಂಡಿಯ ಕೈಗಾರಿಕಾ ಎಸ್ಟೇಟಿನ ಕಾರ್ಖಾನೆಯಲ್ಲಿ ಕೆಲಸ, ಅಲ್ಲಿಗೆ ಹತ್ತಿರವಾಗಲಿ ಎಂದು ಎಂದೋ ಕೊಂಡದ್ದು. ರಿಟೈರಾದ ಮೇಲೆ ಕಟ್ಟೋಣ ಎಂದಿದ್ದವರು ಈಗಲೇ ಕಟ್ಟೋಣ ಎಂದರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಪ್ಲಾನು ಬರೆದ ಇಂಜಿನಿಯರು ಎಲ್ಲರಿಗೂ ಬರೆಯುವ ಹಾಗೆ ಮಟ್ಟಸವಾದ ಕಾಂಕ್ರೀಟು ಚಾವಣಿ, ಮೇಲಕ್ಕೆ ಮೆಟ್ಟಿಲು, ಮಹಡಿಯಲ್ಲಿ ಒಂದು ರೂಮು ಬರೆದರು. ನಾನು ಹಿಂದಿನ ಕೋಣೆಯೊಂದಕ್ಕೆ ಮಾತ್ರ ಇಳಿಜಾರು ಮಾಡಿ ಹೆಂಚು ಹೊದಿಸಬೇಕು ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಹೋಗಲಿ ಎಂದು ಹಾಗೇ ಬರೆದುಕೊಟ್ಟರು. "ಹಿಂಭಾಗ ದಕ್ಷಿಣಕ್ಕಿದೆ ಮೇಡಂ, ವರ್ಷವೆಲ್ಲಾ ಬಿಸಿಲು ಬೀಳುತ್ತೆ," ಎಂದೂ ಹೇಳಿದರು. ಆ ಮಾತು ಕಿವಿಗೆ ಬಿತ್ತು. ತಲೆಯಲ್ಲಿ ನಿಲ್ಲಲಿಲ್ಲ.

ನಕ್ಷೆ ಹಿಡಿದುಕೊಂಡು ಯೋಜನಾ ಕಚೇರಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಕಡತವನ್ನು ಹೇಗೆ ಮುಂದೆ ತಳ್ಳುತ್ತಾರೆ, ಹೇಗೆ ಅಡಿಯಲ್ಲಿಡುತ್ತಾರೆ ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಮೇಜಿನ ಆಚೆ ಕೂರುವುದಕ್ಕೂ ಈಚೆ ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸ ಎನ್ನುವುದು ಮೊದಲ ದಿನವೇ ಗೊತ್ತಾಯಿತು. ಅಲ್ಲಿದ್ದ ಅಧಿಕಾರಿ ಐವತ್ತರ ಹತ್ತಿರದವರು, ಬಿಳಿ ಷರಟು, ಹಣೆಯ ಮೇಲೆ ದಪ್ಪಗೆ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲು. ನಕ್ಷೆ ಹರಡಿ, ಹಿಂದಿನ ಕೋಣೆಯ ಮೇಲೆ ಪೆನ್ಸಿಲಿಟ್ಟು, "ಎನ್ನಮ್ಮಾ ಇದು, ಓಟ್ಟು ವೀಡಾ?" ಎಂದರು. ಹೆಂಚಿನ ಮನೆಯಾ ಎಂದು. ಆಮೇಲೆ, ಹಸು ಕಟ್ಟುತ್ತೀರಾ ಎಂದು ಬಹಳ ಗಂಭೀರವಾಗಿ ವಿಚಾರಿಸಿದರು. ಇಲ್ಲ, ನಮ್ಮ ತಾಯಿ ಇರುತ್ತಾರೆ ಎಂದೆ. ಪಕ್ಕದ ಮೇಜಿನವನು ಕಿಸಕ್ಕನೆ ನಕ್ಕ. ನನ್ನ ಮೈ ಉರಿದುಹೋಯಿತು.

ಹೆಂಚಿಗೆ ಅವರ ಅಡ್ಡಿ ಇರಲಿಲ್ಲ. ಅಡ್ಡಿ ಇದ್ದದ್ದು ಸೂರಿನ ಚಾಚಿಗೆ. ಕಾಂಪೌಂಡಿಗೂ ಮನೆಗೂ ನಡುವೆ ಬಿಡಬೇಕಾದ ಜಾಗ ಆಕಾಶಕ್ಕೆ ತೆರೆದಿರಬೇಕು. ನಮ್ಮ ಹೆಂಚು ಗೋಡೆಯಿಂದ ಎರಡೂವರೆ ಅಡಿ ಆಚೆ ಚಾಚಿ ಅದನ್ನು ನುಂಗುತ್ತಿತ್ತು. ಸಾಲದ್ದಕ್ಕೆ ಹಿಂದಿನ ಮನೆಯವರು, ನಮ್ಮ ಸೂರುನೀರು ಅವರ ಗೋಡೆಯ ಬುಡಕ್ಕೆ ಬೀಳುತ್ತದೆ ಎಂದು ಒಂದು ಕಾಗದ ಬರೆದುಕೊಟ್ಟಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಮ್ಮೂರಿನಲ್ಲಿ ಸೂರುನೀರಿನ ಜಗಳಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿಯೇ ಬೆಳೆದವಳು ನಾನು.

ಚಾಚನ್ನು ಕತ್ತರಿಸಿ ಎಂದರು ಅಧಿಕಾರಿ. ಕತ್ತರಿಸಿದರೆ ಗೋಡೆ ನೀರು ಕುಡಿದು ಎರಡೇ ವರ್ಷಕ್ಕೆ ಉಬ್ಬುತ್ತದೆ, ಅಂಥ ಕೆಲಸ ನಾನು ಮಾಡುವುದಿಲ್ಲ ಎಂದರು ನಮ್ಮ ಮೇಸ್ತ್ರಿ. ಒಂದೂವರೆ ಅಡಿಗೆ ಇಳಿಸಿಕೊಂಡು ಹೋದೆ. "ಮುಡಿಯಾದಮ್ಮಾ" ಎಂದರು. ಆಗುವುದಿಲ್ಲ ಎನ್ನುವುದನ್ನು ತಮಿಳಿನಲ್ಲಿ ಅಷ್ಟು ಮೆತ್ತಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಒಂದು ಅಡಿಗೆ ಇಳಿಸಿ, ಕೆಳಗೆ ತಗಡಿನ ದೋಣಿ ಕಟ್ಟಿ ನೀರನ್ನು ನಮ್ಮ ಕಡೆಗೇ ತಿರುಗಿಸಿಕೊಳ್ಳುತ್ತೇನೆ ಎಂದು ಬರೆಸಿಕೊಂಡು ಹೋದೆ. ಮುಡಿಯಾದಮ್ಮಾ. ಕ್ಯಾಷುಯಲ್ ರಜೆಗಳು ಮುಗಿದವು. ಅರ್ಧ ದಿನದ ರಜೆ ಹಾಕಿಕೊಂಡು ಹೋಗತೊಡಗಿದೆ.

"ಆ ಜಾಗದಲ್ಲಿ ಕಾಂಕ್ರೀಟಿಗೇ ಒಂದು ತೂತು ಬಿಟ್ಟು ದಪ್ಪ ಗಾಜು ಕೂರಿಸಿದ್ರೆ ಆಗಲ್ವಾ? ಬೆಳಕು ಬೆಳಕೇ ಅಲ್ವೇನೇ," ಎಂದರು ಒಂದು ಭಾನುವಾರ ನಮ್ಮ ಯಜಮಾನರು. ಮಾತು ಸರಿಯಾಗಿಯೇ ಇತ್ತು. ಅವ್ವನಿಗೆ ಕೇಳಿಸಿತ್ತು. "ಹಂಗೇ ಮಾಡ್ಕಳಿ, ಅದ್ಕೇನಂತೆ," ಎಂದಳು. ಎಂದವಳು ಬಗ್ಗಿ ಮಂಚದ ಕೆಳಗಿದ್ದ ಹೆಂಚನ್ನು ಇನ್ನೂ ಒಳಕ್ಕೆ, ಗೋಡೆಗೆ ತಾಗುವ ತನಕ ತಳ್ಳಿದಳು. ನನಗೆ ತಡೆಯಲಾಗಲಿಲ್ಲ. ಯಾರ ಮೇಲೆ ಎಂದು ಗೊತ್ತಿಲ್ಲದೆ ಕೂಗಾಡಿದೆ. ಗಂಡನ ಮೇಲೆ, ಆ ಕಚೇರಿಯ ಮೇಲೆ, ಗುಂಡ್ಲುಪೇಟೆಯ ರಸ್ತೆಯ ಮೇಲೆ. ಅವ್ವ ಎಲ್ಲ ಕೇಳಿ ಮುಗಿಸಿ, "ನಾಳೆ ನಾನೂ ಬತ್ತೀನಿ ನಡಿ," ಎಂದಳು.

ಬೇಡವೆಂದರೂ ಬಂದಳು. ರೇಷ್ಮೆ ಸೀರೆ ಉಟ್ಟು, ತಂಗಿ ಮನೆಯ ಮದುವೆಗೆ ಹೊರಟವಳ ಹಾಗೆ. ಹೆಂಚು ಅವಳ ಕಂಕುಳಲ್ಲಿತ್ತು. ಕಚೇರಿಯಲ್ಲಿ ನನ್ನ ತೋಳು ಹಿಡಿದುಕೊಂಡು ಮೇಜಿನ ತನಕ ಬಂದು, ಕೇಳದೆಯೇ ಕುರ್ಚಿ ಎಳೆದು ಕೂತು, ಸುತ್ತಿದ್ದ ಹಳೆಯ ಸೀರೆ ಬಿಚ್ಚಿ ಹೆಂಚನ್ನು ಅವರ ಕಡತಗಳ ಮೇಲಿಟ್ಟಳು. ಆ ಹೊತ್ತಿಗೆ ಅವಳಿಗೆ ಒಮ್ಮೆಗೆ ಕಾಣುತ್ತಿದ್ದದ್ದು ಒಂದು ಮುಖದ ಅರ್ಧದಷ್ಟು ಮಾತ್ರ. ಅವಳಿಗೆ ಕಂಡದ್ದು ಅವರ ಹಣೆ.

"ಇವರೂ ಶಿವನ ಕಡೆಯೋರಾ? ಕೇಳು."

ಕೇಳಿದೆ. ಅಷ್ಟು ದಿನದಲ್ಲಿ ಮೊದಲ ಸಲ ಆ ಮನುಷ್ಯ ನಕ್ಕರು. ಹೌದು ಪಾಟಿಯಮ್ಮಾ, ಪ್ರತಿ ಸೋಮವಾರ ದೇವಸ್ಥಾನಕ್ಕೆ ಹೋಗುತ್ತೇನೆ ಎಂದರು. ಅಜ್ಜಿಗೆ ಅವರಲ್ಲಿ ಪಾಟಿ.

"ನಮ್ಮದಕ್ಕೆ ಗುಡಿ ಇಲ್ಲ ಅಂತ ಹೇಳವ್ವ," ಎಂದಳು ಅವ್ವ, ಕತ್ತಿನ ಕರಡಿಗೆ ಮುಟ್ಟಿಕೊಂಡು. "ಇಲ್ಲೇ ಕತ್ತಲ್ಲಿ ಓಡಾಡ್ಕಂಡದೆ. ಅದ್ಕೇ ಒಂಚೂರು ಸೂರು ಕೇಳ್ತಿರಾದು."

ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಅಧಿಕಾರಿ ಹೆಂಚನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದರು. ಅದರ ಒಂದು ಮೂಲೆಯಲ್ಲಿ ನಮ್ಮ ನಡುಮನೆಯ ಹೊಗೆಯ ಕಲೆ ಹಾಗೇ ಇತ್ತು. ಗುರುವಾರ ಬನ್ನಿ ಎಂದರು.

ಗುರುವಾರ ನಾನೊಬ್ಬಳೇ ಹೋದೆ. ಅವರು ನನಗಾಗಿ ಕಾಯುತ್ತಿದ್ದ ಹಾಗಿತ್ತು. ನಮ್ಮ ನಕ್ಷೆಯ ಮೇಲೆ ತಾವೇ ಕೆಂಪು ಪೆನ್ಸಿಲಿನಲ್ಲಿ ಕೆಲಸ ಮಾಡಿದ್ದರು. ಹಿಂದಿನ ಕೋಣೆಯನ್ನು ಅಳಿಸಿ ಮನೆಯ ಮುಂಭಾಗಕ್ಕೆ ತಂದಿದ್ದರು. ಮುಂದೆ ರಸ್ತೆಯ ಕಡೆ ಜಾಗ ಧಾರಾಳವಾಗಿದೆ, ಚಾಚು ಎಷ್ಟಾದರೂ ಬರಲಿ, ಯಾರ ಗೋಡೆಗೂ ನೀರು ಬೀಳುವುದಿಲ್ಲ. ಆ ವರ್ಷ ಮದ್ರಾಸಿನಲ್ಲಿ ಮಳೆ ಕೈಕೊಟ್ಟಿತ್ತು. ಕೊಡ ಹಿಡಿದು ಲಾರಿಯ ಹಿಂದೆ ಓಡದ ಬೀದಿ ಇರಲಿಲ್ಲ. ಚಾವಣಿಯ ನೀರನ್ನು ನೆಲಕ್ಕೆ ಇಂಗಿಸದ ಮನೆಗೆ ಒಪ್ಪಿಗೆಯೇ ಇಲ್ಲ ಎಂಬ ನಿಯಮ ಹೊಸದಾಗಿ ಬಂದಿತ್ತು. ಹೆಂಚಿನ ನೀರು ಮುಂದಿನ ಅಂಗಳದ ಇಂಗುಗುಂಡಿಗೆ ನೇರವಾಗಿ ಬೀಳುತ್ತದೆ, ಅದನ್ನೇ ಕಾರಣವಾಗಿ ಬರೆದು ಒಪ್ಪಿಗೆ ಹಾಕುತ್ತೇನೆ ಎಂದರು. ರಸ್ತೆ ಇದ್ದದ್ದು ಉತ್ತರಕ್ಕೆ. ಬಾಣ ಎಳೆದು, "ಸರಿದಾನೇ?" ಎಂದು ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಹುಡುಗನ ಹುಮ್ಮಸ್ಸಿತ್ತು.

ಸರಿ ಎಂದೆ. ಎರಡು ಸಲ ಸರಿ ಎಂದೆ. ಅವರ ಪೆನ್ನಿನಲ್ಲೇ ಸಹಿ ಹಾಕಿದೆ. ಏಳನೆಯ ಸಲ ಬಂದಿದ್ದೆ, ಮಧ್ಯಾಹ್ನದ ಊಟವಾಗಿರಲಿಲ್ಲ, ಮುಡಿಯಾದು ಎನ್ನದ ಆ ಬಾಯಿಗೆ ಕೈಮುಗಿಯಬೇಕು ಅನ್ನಿಸಿತ್ತು. ದಿಕ್ಕು ನೋಡಬೇಕೆಂದು ಹೊಳೆಯಲಿಲ್ಲ. ದಕ್ಷಿಣಾಯನ ಉತ್ತರಾಯಣವನ್ನು ಅಂಗಳದಲ್ಲಿ ಕೋಲು ನೆಟ್ಟು ಊರ ಮಕ್ಕಳಿಗೆಲ್ಲಾ ಕಲಿಸಿದ ಮೇಷ್ಟರ ಮಗಳು ನಾನು!

ಮನೆಗೆ ಬಂದು, "ಅವ್ವಾ, ಆಯ್ತು!" ಎಂದೆ. ಅವ್ವ ಮಂಚದ ಕೆಳಗಿಂದ ಹೆಂಚು ತೆಗೆದು ಸೆರಗಿನಲ್ಲಿ ಒರೆಸಿದಳು. ಅವತ್ತು ನಾವು ಪಾಯಸ ಮಾಡಿದೆವು.

ಜೊತೆಯ ಮಣ್ಣಿನ ಹೆಂಚು ಸಿಕ್ಕಿದ್ದು ತಿರುವೊಟ್ಟಿಯೂರಿನಲ್ಲಿ ಕೆಡವುತ್ತಿದ್ದ ಹಳೆಯ ಗೋದಾಮಿನಿಂದ. ಸಮುದ್ರದ ಗಾಳಿಗೆ ಕಪ್ಪಾಗಿದ್ದವು, ಆದರೆ ಅಚ್ಚು ನಮ್ಮ ಗಾಜಿನ ಹೆಂಚಿಗೆ ಸರಿಹೊಂದಿತು. ಮನೆ ಏಳುವುದನ್ನು ನೋಡಲು ವಾರಕ್ಕೊಮ್ಮೆ ಹೋಗುತ್ತಿದ್ದೆವು. ಗಾಜಿನ ಹೆಂಚು ಕೂರಿಸುವ ದಿನ ಮೇಸ್ತ್ರಿ ಅದನ್ನು ಅವ್ವನ ಕೈಯಿಂದಲೇ ಇಸಿದುಕೊಂಡು ಏಣಿ ಹತ್ತಿದರು. ಕಾರ್ತಿಕ ಮಾಸದಲ್ಲಿ ಗೃಹಪ್ರವೇಶವಾಯಿತು.

ಮಾರನೆಯ ದಿನ ಒಂಬತ್ತೂವರೆಗೆ ಅವ್ವ ಮುಂದಿನ ಕೋಣೆಯಲ್ಲಿ ಮಣೆ ಹಾಕಿಕೊಂಡಳು. ನಾನು ಬಾಗಿಲ ಹತ್ತಿರ ನಿಂತೆ. ಹೆಂಚು ಬೆಳ್ಳಗೆ ಹೊಳೆಯುತ್ತಿತ್ತು, ಕೋಣೆಯಲ್ಲಿ ಬೂದುಬಣ್ಣದ ಬೆಳಕಿತ್ತು. ಬಿಸಿಲ ಕೋಲು ಇಳಿಯಲಿಲ್ಲ. ಮೋಡವಿರಬೇಕು ಎಂದುಕೊಂಡು ಹೊರಗೆ ಬಂದರೆ ಕಣ್ಣು ಕುಕ್ಕುವ ಬಿಸಿಲು. ಓಡಿಕೊಂಡು ತಾರಸಿ ಹತ್ತಿದೆ. ನಮ್ಮದೇ ಮಹಡಿಯ ರೂಮು ಬೆನ್ನ ಹಿಂದೆ ಎತ್ತರಕ್ಕೆ ನಿಂತಿತ್ತು. ಸೂರ್ಯ ದಕ್ಷಿಣದ ಕಡೆ ವಾಲಿ ಅದರ ಮರೆಗೆ ಹೋಗಿದ್ದ. ಕೆಳಗೆ ಹೆಂಚಿನ ಮೇಲೆಲ್ಲಾ ಆ ಗೋಡೆಯ ನೆರಳು ಕಂಬಳಿ ಹೊದಿಸಿದ ಹಾಗೆ ಬಿದ್ದಿತ್ತು.

ಬಣ್ಣದ ಕೆಲಸ ನೋಡಲು ಬಂದಿದ್ದ ಮೇಸ್ತ್ರಿ ನನ್ನ ಮುಖ ನೋಡಿ, ಆಕಾಶ ನೋಡಿ, "ಪಂಗುನಿ ವರಟ್ಟುಮ್ಮಾ," ಎಂದರು. ಪಂಗುನಿ ಬರಲಿ. ಅಂದರೆ ನಮ್ಮ ಯುಗಾದಿಯ ಹೊತ್ತು. ಆಗ ಸೂರ್ಯ ಈ ಕಡೆ ಸರಿಯುತ್ತಾನೆ, ಮತ್ತೆ ನವರಾತ್ರಿಯ ತನಕ ಇರುತ್ತಾನೆ. ವರ್ಷದಲ್ಲಿ ಅರ್ಧ. ಯುಗಾದಿಗೆ ಇನ್ನೂ ನಾಲ್ಕೂವರೆ ತಿಂಗಳಿತ್ತು, ಮತ್ತು ಆ ವಾರ ಅವ್ವನ ಕಣ್ಣು ಹ್ಯಾಗಿದೆ ಎಂದು ನಾನು ಕೇಳಿದ್ದಕ್ಕೆ ಡಾಕ್ಟರು ತುಟಿ ಬಿಗಿಹಿಡಿದು ಔಷಧ ಬದಲಾಯಿಸಿದ್ದರು.

ಕೆಳಗಿಳಿದು ಬಂದೆ. ಹೇಳಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಅವ್ವ ಲಿಂಗವನ್ನು ಕರಡಿಗೆಗೆ ಸೇರಿಸಿ, ಗೋಡೆ ಹಿಡಿದು ಏಳುತ್ತಿದ್ದಳು.

"ಇವತ್ತು ಚೆನ್ನಾಗಿ ಬೆಳಗ್ತು ಕನವ್ವ," ಎಂದಳು.

ಇಲ್ಲದ ಬೆಳಕನ್ನು ಕಾಣುವಷ್ಟು ಅವಳ ಕಣ್ಣು ಹೋಗಿದೆಯೇ? ಅಥವಾ ಆಸೆಗಣ್ಣಿಗೆ ಹಾಗೆ ಕಂಡಿತೇ? ಹೇಳಲೇ ಬೇಡವೇ ಎಂದು ನಿಂತಲ್ಲೇ ಒದ್ದಾಡಿದೆ. ಅವಳ ಮುಖ ಗೆಲುವಾಗಿತ್ತು. ನಾನು ಮಣೆ ಎತ್ತಿ ಗೋಡೆಗೆ ಒರಗಿಸಿದೆ. ರಾತ್ರಿ ಯಜಮಾನರಿಗೆ ಹೇಳಿದಾಗ, "ಅತ್ತೆಗೆ ನಿಜ ಹೇಳಿಬಿಡು, ಅವರೇನು ಬೈತಾರಾ?" ಎಂದರು. ಬೈಯುವುದಿಲ್ಲ ಎನ್ನುವುದೇ ನನ್ನ ಕಷ್ಟವಾಗಿತ್ತು.

ಆ ಚಳಿಗಾಲವೆಲ್ಲಾ ಹೀಗೇ ನಡೆಯಿತು. ಒಂಬತ್ತೂವರೆಗೆ ಅವ್ವ ಕೂರುವುದು, ನಾನು ಕಚೇರಿಗೆ ಹೊರಡುವ ಗಡಿಬಿಡಿಯಲ್ಲೂ ಬಾಗಿಲ ಹತ್ತಿರ ಬಂದು ನಿಲ್ಲುವುದು, ಅವಳು ಚೆನ್ನಾಗಿ ಬೆಳಗ್ತು ಎಂದು ಏಳುವುದು. ದಿನವೂ ಲೇಟಾಗಿ ಕಚೇರಿಗೆ ಹೋಗಿ ಮಾತು ಕೇಳಿದೆ. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ತಟ್ಟೆಯಲ್ಲಿ ಪಲ್ಯ ಯಾವ ಕಡೆಗಿದೆ ಎಂದು ನನ್ನ ಮಗಳು ಅಜ್ಜಿಗೆ ಹೇಳತೊಡಗಿದಳು, ಅದೂ ಕನ್ನಡದಲ್ಲಿ. ಅದು ಹೇಗೆ ಯಾವಾಗ ಶುರುವಾಯಿತೋ ನಾನು ಗಮನಿಸಲಿಲ್ಲ. ನನ್ನ ಗಮನವೆಲ್ಲಾ ತಾರಸಿಯ ಮೇಲಿತ್ತು. ದಿನ ಬಿಟ್ಟು ದಿನ ಹತ್ತಿ ನೆರಳಿನ ಅಂಚು ಎಷ್ಟು ಹೆಂಚು ಹಿಂದೆ ಸರಿಯಿತು ಎಂದು ಎಣಿಸುತ್ತಿದ್ದೆ. ಬೇಗ ಸರಿ, ಬೇಗ ಸರಿ ಎಂದು ಗೋಡೆಗೆ ಹೇಳುತ್ತಿದ್ದೆ. ನಾನು ಅಷ್ಟು ಆಸೆಯಿಂದ ಬೇರೆ ಯಾವುದಕ್ಕೂ ಕಾದಿಲ್ಲ.

ಯುಗಾದಿಗೆ ಒಂದು ವಾರವಿದ್ದಾಗ ಅದು ಬಂತು. ನಾನು ನೋಡುತ್ತಿದ್ದ ಹಾಗೆಯೇ ಹೆಂಚಿನಿಂದ ಬಿಸಿಲು ಕೋಲಾಗಿ ಇಳಿದು, ಗೋಡೆಯಿಂದ ನೆಲಕ್ಕೆ ಜಾರಿ, ಮಣೆಯ ಹತ್ತಿರ ಬಂದು, ಅವ್ವನ ಮಣಿಕಟ್ಟು ದಾಟಿ ಅಂಗೈಗೆ ಏರಿತು. ಕಪ್ಪು ಲಿಂಗದ ಮೇಲೆ ಚುಕ್ಕೆ ಹೊತ್ತಿತು. ಗುಂಡ್ಲುಪೇಟೆಯ ನಡುಮನೆಯಲ್ಲಿ ಹೇಗಿತ್ತೋ ಹಾಗೆಯೇ. ನಾನು ಬಾಯಿಗೆ ಸೆರಗು ಹಿಡಿದುಕೊಂಡೆ.

ಅವ್ವನ ಕಣ್ಣು ಅಂಗೈಯ ಮೇಲಿರಲಿಲ್ಲ. ಎಲ್ಲೋ ಅದರ ಆಚೆ, ನೆಲದ ಕಡೆಗಿತ್ತು. ಅವಳ ಬೆರಳುಗಳು ಮಾತ್ರ ಮೆಲ್ಲಗೆ ಮಡಿಚಿಕೊಂಡವು, ಮತ್ತೆ ಬಿಚ್ಚಿಕೊಂಡವು.

"ಬಂತು," ಎಂದಳು. "ಅಂಗೈ ಬೆಚ್ಚಗಾಯ್ತು ಕನವ್ವ. ಇಷ್ಟು ದಿನ ತಣ್ಣಗೇ ಇತ್ತು."

ನಾನು ಹೊಸ್ತಿಲು ದಾಟಿ ಹತ್ತಿರ ಬಂದೆ. "ಕಾಣ್ತಾ ಇದೆಯಾ ಅವ್ವ?"

"ಇಲ್ಲ. ಸಂಕ್ರಾಂತಿ ಆಸುಪಾಸ್ನಲ್ಲೇ ಹೋಯ್ತು."

"ಮತ್ತೆ ದಿನಾ ಚೆನ್ನಾಗಿ ಬೆಳಗ್ತು ಅಂತಿದ್ದೆ? ಮೊದಲನೇ ದಿನದಿಂದ?"

ಅವ್ವ ನಕ್ಕಳು. "ನೀನು ಬಾಗ್ಲತ್ರ ನಿಂತ್ಕಂಡು ಕಾಯ್ತಿದ್ದಲ್ಲ," ಎಂದಳು.

ನಾನು ಅವಳ ಪಕ್ಕ ನೆಲದ ಮೇಲೆ ಕೂತು ಬಾಣದ ಕಥೆ, ಸಹಿಯ ಕಥೆ ಎಲ್ಲ ಹೇಳಿಕೊಂಡು ಅತ್ತೆ. ಅವ್ವ ಎಡಗೈ ಅಲುಗಿಸದೆ ಬಲಗೈಯಲ್ಲಿ ನನ್ನ ತಲೆ ಸವರುತ್ತಾ ಕೇಳಿದಳು. ಮನೆಯೊಳಗೆ ಕಾಲಿಟ್ಟ ದಿನವೇ ಇಳಿಜಾರು ಯಾವ ಕಡೆಗೆ ಎಂದು ಅವಳಿಗೆ ತಿಳಿದಿತ್ತಂತೆ. "ಮೇಷ್ಟ್ರ ಹೆಂಡ್ತಿಗೆ ಅಷ್ಟೂ ಗೊತ್ತಾಗಲ್ವಾ?" ಎಂದಳು. ಬಿಸಿಲು ಅಂಗೈಯಿಂದ ಇಳಿಯುವ ತನಕ ಅವಳು ಏಳಲಿಲ್ಲ. ಆ ದಿನ ನಾನು ಕಚೇರಿಗೆ ಹೋಗಲಿಲ್ಲ.

ಆಮೇಲೆ ಅವ್ವ ಮೂರು ವರ್ಷ ಇದ್ದಳು. ಯುಗಾದಿಯಿಂದ ನವರಾತ್ರಿಯ ತನಕ ಬೆಚ್ಚಗಾಯ್ತು ಎನ್ನುತ್ತಿದ್ದಳು. ಉಳಿದ ಅರ್ಧ ವರ್ಷ ಚೆನ್ನಾಗಿ ಬೆಳಗ್ತು ಎನ್ನುವುದನ್ನೂ ಬಿಡಲಿಲ್ಲ. ಇಬ್ಬರೂ ನಗುತ್ತಿದ್ದೆವು. ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಲಿಂಗವನ್ನು ಅದೇ ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡಿದೆವು.

ಮೊನ್ನೆ ಬೀರು ತೆಗೆದು ನಕ್ಷೆ ಬಿಚ್ಚಿ ನೋಡಿದ್ದು, ಯುಗಾದಿ ಹತ್ತಿರ ಬಂದಿತ್ತು ಎಂದು. ಮಗಳು ಮದುವೆಯಾಗಿ ಹೋಗಿದ್ದಾಳೆ. ಯಜಮಾನರು ಇನ್ನೂ ಗಿಂಡಿಗೆ ಹೋಗುತ್ತಾರೆ. ನಾನು ಕೆಲಸ ಬಿಟ್ಟಿದ್ದೇನೆ, ಬೆಳಿಗ್ಗೆ ಮನೆಯಲ್ಲಿ ನಾನೊಬ್ಬಳೇ. ಒಂಬತ್ತೂವರೆಗೆ ಮುಂದಿನ ಕೋಣೆಗೆ ಹೋಗಿ ಅವ್ವನ ಮಣೆ ಹಾಕಿಕೊಂಡು ಕೂತೆ. ಕೋಲು ಇಳಿಯಿತು, ಗೋಡೆಯಿಂದ ಜಾರಿತು, ನೆಲಕ್ಕೆ ಬಂತು. ಎಡಗೈ ಚಾಚಿದೆ. ನಿಜವಾಗಿಯೂ ಬೆಚ್ಚಗಿತ್ತು. ಬಹಳ ಚೆನ್ನಾಗಿ ಬೆಳಗಿತು. ಹೇಳೋಣವೆಂದು ತಲೆಯೆತ್ತಿದೆ. ಬಾಗಿಲ ಹತ್ತಿರ ಯಾರೂ ನಿಂತಿರಲಿಲ್ಲ.